ಹಳೇ ಸಿನಿಮಾ, ಹೊಸ ಸಿನಿಮಾ: ಕಾರವಾರ-ಅಂಕೋಲೆ ಬಸ್ಸಿನಲ್ಲಿ ನಡೆಯೋ ಜಗಳ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರೋ, ಫೋನನ್ನ ಕಿಟಕಿ ಮೇಲಿಟ್ಟು ಮೀನು ಕೊಯ್ತಾ ಇದ್ದೀರೋ, ಎಲ್ಲಿದ್ರೂ ಸರಿ, ಒಂದು ಇಪ್ಪತ್ತು ನಿಮಿಷ ನನ್ನ ಜೊತೆ ಇರಿ.

ಇವತ್ತಿನ ವಿಷಯ ಸಿನಿಮಾ. ಅದರಲ್ಲೂ ಎಲ್ಲಾ ಮನೆಯಲ್ಲೂ, ಎಲ್ಲಾ ವಾಟ್ಸಾಪ್ ಗ್ರೂಪಲ್ಲೂ ನಡೆಯೋ ಆ ಜಗಳ. ಹಳೇ ಸಿನಿಮಾ ಚೆಂದವೋ, ಹೊಸ ಸಿನಿಮಾ ಚೆಂದವೋ? ಈ ಜಗಳದಲ್ಲಿ ಯಾರು ಗೆದ್ರು ಅಂತ ತೀರ್ಪು ಕೊಡೋಕೆ ನಾನು ಬಂದಿಲ್ಲ. ಸಿನಿಮಾ ನೋಡಿ ನಾವು ಒಂದು ಮಾತು ಆಡ್ತೀವಲ್ಲ, ಆ ಮಾತಿಗೆ ನಾವು ಅಂದುಕೊಂಡಿರೋದಕ್ಕಿಂತ ಹೆಚ್ಚು ಬೆಲೆ ಇದೆ. ಅದನ್ನ ನಾವು ಎಲ್ಲಿ ಖರ್ಚು ಮಾಡ್ತಾ ಇದ್ದೀವಿ? ಇವತ್ತು ಇದಿಷ್ಟೇ ಪ್ರಶ್ನೆ.

ನಾನು ಅಂಕೋಲೆಯವಳು. ಕೆಲಸ ಕಾರವಾರದಲ್ಲಿ. ನಡುವೆ ಸುಮಾರು 35 ಕಿಲೋಮೀಟರ್. ಬೆಳಿಗ್ಗೆ ಹೋಗ್ತಾ, ಸಂಜೆ ಬರ್ತಾ ಅದೇ ಬಸ್ಸು, ಹೆಚ್ಚುಕಡಿಮೆ ಅದೇ ಮುಖಗಳು. ಹೀಗಾಗಿ ಒಂದು ಗುಂಪು ತನ್ನಷ್ಟಕ್ಕೆ ಆಗಿದೆ. ಒಬ್ಬರು ರಿಟೈರ್ ಆಗೋಕೆ ಎರಡು ವರ್ಷ ಇರೋ ಮಾಸ್ತರರು. ಒಬ್ಬ ಕಾಲೇಜು ಹುಡುಗ, ಅವನ ಫೋನಲ್ಲಿ ಇಲ್ಲದ ಆ್ಯಪ್ ಇಲ್ಲ. ಆಸ್ಪತ್ರೇಲಿ ನರ್ಸ್ ಆಗಿರೋ ಒಬ್ಬರು ಅಕ್ಕ, ಮನೆಮಾತು ಕೊಂಕಣಿ. ಮತ್ತೆ ನಾನು. ಕಂಡಕ್ಟರಣ್ಣ ಆಗಾಗ ಅತಿಥಿ ಕಲಾವಿದ.

ನಮ್ಮ ಕಡೆ ಸಿನಿಮಾ ನೋಡೋರ ಪಾಡು ಸ್ವಲ್ಪ ಬೇರೆ, ಅದನ್ನ ಬೆಂಗಳೂರಲ್ಲಿ ಕೂತು ಕೇಳ್ತಾ ಇರೋರಿಗೆ ಮೊದಲೇ ಹೇಳಿಬಿಡ್ತೀನಿ. ನಮ್ಮ ಗುಂಪಿಗೆ ಮಲ್ಟಿಪ್ಲೆಕ್ಸ್ ಅಂದ್ರೆ ಒಂದೋ ಘಟ್ಟ ಹತ್ತಿ ಹುಬ್ಬಳ್ಳಿ, ಇಲ್ಲಾ ಗಡಿ ದಾಟಿ ಮಡಗಾಂವ್. ಕಾರವಾರದಲ್ಲಿ ಕನ್ನಡ, ಕೊಂಕಣಿ, ಮರಾಠಿ, ಹಿಂದಿ ನಾಲ್ಕೂ ನಡೀತದೆ. 2016ರಲ್ಲಿ ನಾಗರಾಜ ಮಂಜುಳೆ ಅವರ ‘ಸೈರಾಟ್’ ಬಂದಾಗ ನಮ್ಮ ನರ್ಸ್ ಅಕ್ಕ ಅದನ್ನ ಮರಾಠಿಯಲ್ಲೇ ನೋಡಿ ಮುಗಿಸಿದ್ರು. ಮಾಸ್ತರರು ಮರುವರ್ಷ ಬಂದ ಕನ್ನಡ ರಿಮೇಕ್ ‘ಮನಸು ಮಲ್ಲಿಗೆ’ ನೋಡಿದ್ರು. ಅದೇ ಕಥೆ, ಅದೇ ನಾಯಕಿ ರಿಂಕು ರಾಜಗುರು. ಇಬ್ಬರಿಗೂ ಇವತ್ತಿಗೂ ಯಾವುದು ಚೆಂದ ಅಂತ ಹೊಂದಾಣಿಕೆ ಆಗಿಲ್ಲ. ಬಸ್ಸು ಅಮದಳ್ಳಿ ದಾಟೋ ಹೊತ್ತಿಗೆ ಶುರುವಾದ ಮಾತು ಅಂಕೋಲೆ ಸ್ಟ್ಯಾಂಡಿಗೆ ಬಂದರೂ ಮುಗಿಯೋದಿಲ್ಲ.

ಸಾಮಾನ್ಯವಾಗಿ ಜಗಳ ಹೇಗಿರ್ತದೆ ಅಂದ್ರೆ, ಮಾಸ್ತರರು "ಆಗಿನ ಕಾಲದಲ್ಲಿ ಕಥೆ ಇತ್ತು ಮಾರಾಯಾ, ಈಗ ಬರೀ ಸದ್ದು" ಅಂತಾರೆ. ಹುಡುಗ "ಸರ್, ಹಳೇದೆಲ್ಲ ಲ್ಯಾಗ್, 1.5 ಸ್ಪೀಡಲ್ಲಿ ಹಾಕಿದ್ರೂ ಮುಗಿಯಲ್ಲ" ಅಂತಾನೆ. ಇಬ್ಬರ ಮಾತಲ್ಲೂ ಒಂದು ಚೂರು ಸತ್ಯ ಇದೆ. ಆದರೆ ಇಬ್ಬರೂ ಸಿನಿಮಾದ ಬಗ್ಗೆ ಮಾತಾಡ್ತಾ ಇಲ್ಲ. ಒಬ್ಬರು ತಮ್ಮ ಪ್ರಾಯದ ಬಗ್ಗೆ ಮಾತಾಡ್ತಾ ಇದ್ದಾರೆ, ಇನ್ನೊಬ್ಬ ತನ್ನ ಪ್ರಾಯದ ಬಗ್ಗೆ. ಒಂದು ಹಳೇ ಸಿನಿಮಾ, ಒಂದು ಹೊಸ ಸಿನಿಮಾ ಪಕ್ಕಪಕ್ಕ ಇಟ್ಟು ನೋಡಿದಾಗ ಮಾತು ಬೇರೆ ದಾರಿ ಹಿಡೀತದೆ. ನಾವು ಹಾಗೆ ಮಾಡಿದ ಒಂದು ದಿನದ ಕಥೆ ಹೇಳ್ತೀನಿ.

ಕಾಡಿನ ಹೀರೋ ಯಾರು?

ಒಂದು ಕಡೆ 1973ರ ‘ಗಂಧದ ಗುಡಿ’. ಡಾ. ರಾಜ್‌ಕುಮಾರ್, ವಿಷ್ಣುವರ್ಧನ್ ಇಬ್ಬರೂ ಇರೋ ಸಿನಿಮಾ, ಎಂ.ಪಿ. ಶಂಕರ್ ನಿರ್ಮಾಣ. ಇನ್ನೊಂದು ಕಡೆ 2022ರ ‘ಕಾಂತಾರ’. ಎರಡೂ ಕಾಡಿನ ಸಿನಿಮಾ. ಇಬ್ಬರಿಗೂ ಪ್ರಶ್ನೆ ಒಂದೇ: ಈ ಕಾಡು ಯಾರದ್ದು?

ನೋಡಿ, 1973ರಲ್ಲಿ ನಮ್ಮ ಹೀರೋ ಯಾರು? ಅರಣ್ಯ ಅಧಿಕಾರಿ. ಖಾಕಿ ಹಾಕಿದ ಪ್ರಾಮಾಣಿಕ ಮನುಷ್ಯ, ಕಳ್ಳಸಾಗಣೆ ಮಾಡೋರ ವಿರುದ್ಧ ನಿಲ್ತಾನೆ. ಸರ್ಕಾರ ಅಂದ್ರೆ ಕಾಡನ್ನ ಕಾಯೋದು, ಹಾಗಂತ ನೋಡೋರಿಗೆ ನಂಬಿಕೆ ಇತ್ತು. 2022ಕ್ಕೆ ಬನ್ನಿ. ಹೀರೋ ಶಿವ, ಕಾಡಂಚಿನ ಊರಿನವ. ಅರಣ್ಯ ಅಧಿಕಾರಿ ಮುರಳಿ, ಕಿಶೋರ್ ಮಾಡಿದ ಪಾತ್ರ, ಸಿನಿಮಾದ ಬಹುಪಾಲು ಎದುರಾಳಿಯ ಜಾಗದಲ್ಲಿ ನಿಂತಿರ್ತಾನೆ. 49 ವರ್ಷದಲ್ಲಿ ಕ್ಯಾಮೆರಾ ಬೇಲಿಯ ಆ ಕಡೆಯಿಂದ ಈ ಕಡೆಗೆ ಬಂತು. ಹುಡುಗ ಹೇಳಿದ್ದು ಇದು. ಲ್ಯಾಗ್ ಅಂತಿದ್ದ ಹುಡುಗನೇ!

ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು, "ಹೌದು, ಆದ್ರೆ ಎರಡೂ ಸಿನಿಮಾದಲ್ಲಿ ತುಳಸಜ್ಜಿಗೆ ಜಾಗ ಇಲ್ಲ."

ತುಳಸಿ ಗೌಡ ಯಾರು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ಹಾಲಕ್ಕಿ ಹೆಣ್ಣುಮಗಳು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಯಾಗಿ ಶುರು ಮಾಡಿ, ದಶಕಗಟ್ಟಲೆ ಸಸಿ ಬೆಳೆಸಿದವರು. 2021ರ ನವೆಂಬರಿನಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತಗೊಂಡ್ರಲ್ಲ, ಆ ಫೋಟೋ ನಿಮ್ಮ ಫೋನಿಗೂ ಬಂದಿರ್ತದೆ. 2024ರ ಡಿಸೆಂಬರಿನಲ್ಲಿ ತೀರಿಕೊಂಡ್ರು. ಅವರು ಕಾಡಿನ ಜನವೂ ಹೌದು, ಇಲಾಖೆಯ ಜನವೂ ಹೌದು. ಗಂಧದ ಗುಡಿಯ ಖಾಕಿಯೂ ಅವರಲ್ಲ, ಕಾಂತಾರದ ಶಿವನೂ ಅವರಲ್ಲ. ಯಾವ ಬೀಜ ಯಾವ ತಾಯಿಮರದಿಂದ ತರಬೇಕು ಅಂತ ಗೊತ್ತಿರೋ ಹೆಂಗಸು. ಆ ಅರಿವಿನ ಮೇಲೆ ಒಂದು ಫೈಟ್ ಸೀನ್ ಮಾಡೋಕೆ ಆಗೋದಿಲ್ಲ, ಹಾಗಾಗಿ ದೊಡ್ಡ ಪರದೆ ಮೇಲೆ ಅವರು ಬರಲಿಲ್ಲ.

ಇಲ್ಲಿ ನನಗೆ ಕಾಂತಾರದ ಬಗ್ಗೆ ಕೋಪ ಇಲ್ಲ, ಅದನ್ನ ಸ್ಪಷ್ಟ ಹೇಳ್ತೀನಿ. ಎರಡು ಸಲ ನೋಡಿದ್ದೀನಿ, ಕೊನೆಯ ಇಪ್ಪತ್ತು ನಿಮಿಷಕ್ಕೆ ಎರಡು ಸಲವೂ ಮೈ ಜುಂ ಅಂದಿದೆ. ಆದರೆ ಹೊರಗಿನವರು "ಕರಾವಳಿ ಅಂದ್ರೆ ಕಾಂತಾರ ಅಲ್ವಾ" ಅಂತ ಕೇಳಿದಾಗ ಉತ್ತರ ಕೊಡಬೇಕಾಗ್ತದೆ. ಆ ಸಿನಿಮಾದಲ್ಲಿರೋ ರೀತಿಯ ಕೋಲ ನಮ್ಮ ಅಂಕೋಲೆ ಕಡೆಯದ್ದಲ್ಲ. ನಮ್ಮಲ್ಲಿ ಸುಗ್ಗಿ ಕುಣಿತ ಇದೆ, ಬಂಡಿಹಬ್ಬ ಇದೆ, ಯಕ್ಷಗಾನ ಇದೆ. ಕರಾವಳಿ ಒಂದೇ ಬಣ್ಣದ ಸೀರೆ ಅಲ್ಲ. ಒಂದು ಸಿನಿಮಾವನ್ನ ಪ್ರೀತಿಸ್ತಾನೇ "ಇದರಲ್ಲಿ ನಮ್ಮೂರು ಎಲ್ಲಿದೆ" ಅಂತ ಕೇಳಬಹುದು. ಹಾಗೆ ಕೇಳಿದ್ರೆ ಹೇಟರ್ ಆಗೋದಿಲ್ಲ.

ನೀರು ಇಳಿದ ಮನೆ

ಎರಡನೇ ಸಿನಿಮಾ ‘ದ್ವೀಪ’. 2002ರದ್ದು. ನಾ. ಡಿಸೋಜ ಅವರ ಕಾದಂಬರಿ, ಗಿರೀಶ್ ಕಾಸರವಳ್ಳಿ ನಿರ್ದೇಶನ. ನಟಿ ಸೌಂದರ್ಯ ಅದರ ನಿರ್ಮಾಪಕಿ ಕೂಡ. ರಾಷ್ಟ್ರಮಟ್ಟದ ಅತ್ಯುತ್ತಮ ಚಿತ್ರಕ್ಕೆ ಕೊಡೋ ಸ್ವರ್ಣಕಮಲ ಬಂತು. ಕಥೆ ಏನಪ್ಪಾ ಅಂದ್ರೆ, ಅಣೆಕಟ್ಟು ಕಟ್ತಾರೆ, ಊರು ಮುಳುಗ್ತದೆ. ಎಲ್ಲರೂ ಪರಿಹಾರ ತಗೊಂಡು ಹೊರಡ್ತಾರೆ. ನಾಗಿ, ಅವಳ ಗಂಡ ಗಣಪ, ಮುದುಕ ಮಾವ, ಇವರು ಮಾತ್ರ ಉಳೀತಾರೆ. ಮಳೆ ಬರ್ತದೆ, ನೀರು ಏರ್ತಾ ಹೋಗ್ತದೆ.

ಈ ಸಿನಿಮಾ ಯಾಕೆ ಅಂದ್ರೆ, ನಮ್ಮ ಬಸ್ಸಿನ ದಾರಿಯೇ ಹಾಗಿದೆ. ಬಿಣಗಾ, ಅರಗಾ ದಾಟಿ ಬರುವಾಗ ಸಮುದ್ರದ ಕಡೆಗೆ ಉದ್ದಕ್ಕೆ ಕಾಂಪೌಂಡ್ ಗೋಡೆ. ಒಳಗೆ ನೌಕಾನೆಲೆ. 1986ರಲ್ಲಿ ಶಂಕುಸ್ಥಾಪನೆ ಆದ ಸೀಬರ್ಡ್ ಯೋಜನೆ, 2005ರಲ್ಲಿ ಐಎನ್‌ಎಸ್ ಕದಂಬ ಆಯ್ತು. ಅದಕ್ಕೆ ಕಾರವಾರ, ಅಂಕೋಲಾ ಎರಡೂ ತಾಲೂಕಿನ ಊರುಗಳು ಜಾಗ ಬಿಟ್ಟುಕೊಟ್ಟಿವೆ. ಒಳಗಡೆ ಕಾಳಿ ನದಿ ದಂಡೆಗೆ ಹೋದ್ರೆ ಕದ್ರಾ ಅಣೆಕಟ್ಟು, ಕೊಡಸಳ್ಳಿ ಅಣೆಕಟ್ಟು, ಕೈಗಾ ಅಣುಸ್ಥಾವರ. ದೇಶಕ್ಕೆ ಇವೆಲ್ಲ ಬೇಕಾಗಿದ್ದಿರಬಹುದು, ಆ ಚರ್ಚೆ ಇವತ್ತಿನದ್ದಲ್ಲ. ನಾನು ಹೇಳ್ತಾ ಇರೋದು, ‘ದ್ವೀಪ’ದಂಥ ಸಿನಿಮಾವನ್ನ ನಮ್ಮ ಜಿಲ್ಲೆಯಲ್ಲಿ ಕೂತು ನೋಡೋದಕ್ಕೂ ಬೇರೆ ಕಡೆ ನೋಡೋದಕ್ಕೂ ವ್ಯತ್ಯಾಸ ಇದೆ ಅಂತ.

ನನ್ನ ಗೆಳತಿಯ ದೊಡ್ಡಮ್ಮ ಒಬ್ಬರಿದ್ದಾರೆ. ಅವರೂ ಹೀಗೆ ಒಂದು ಯೋಜನೆಗೆ ಮನೆ, ಗದ್ದೆ ಬಿಟ್ಟು ಬಂದೋರು. ಯಾವ ಯೋಜನೆ, ಯಾವ ಊರು ಅನ್ನೋದು ಬೇಡ. ಹೋದ ಮಳೆಗಾಲದಲ್ಲಿ ಒಂದು ದಿನ ಗೆಳತಿಯ ಮನೆಯಲ್ಲಿ ಲ್ಯಾಪ್‌ಟಾಪಿನಲ್ಲಿ ‘ದ್ವೀಪ’ ಹಾಕಿದ್ವಿ. ದೊಡ್ಡಮ್ಮ ಅಕ್ಕಿ ಆರಿಸ್ತಾ ಕೂತಿದ್ರು, ನೋಡ್ತಾ ಇದ್ದಾರೋ ಇಲ್ವೋ ಗೊತ್ತಾಗ್ತಿರಲಿಲ್ಲ. ಸಿನಿಮಾದ ಕೊನೆಯಲ್ಲಿ ಏನಾಗ್ತದೆ ಅಂದ್ರೆ, ನಾಗಿ ರಾತ್ರಿಯಿಡೀ ಒಬ್ಬಳೇ ಹೋರಾಡಿ ಮನೆ ಉಳಿಸ್ಕೊಳ್ತಾಳೆ. ಬೆಳಿಗ್ಗೆ ನೀರು ಇಳಿದಿರ್ತದೆ. ಗಂಡ ಅದೆಲ್ಲ ದೇವರ ದಯೆ ಅಂತಾನೆ. ಅವಳು ಪಟ್ಟ ಪಾಡು ಅವನ ಕಣ್ಣಿಗೆ ಬೀಳೋದೇ ಇಲ್ಲ.

ನಾವಿಬ್ಬರೂ ಆ ಗಂಡನ ಮೇಲೆ ಸಿಟ್ಟಾಗಿ ಮಾತಾಡ್ತಾ ಇದ್ವಿ. ಹೆಣ್ಣಿನ ದುಡಿಮೆಗೆ ಬೆಲೆ ಇಲ್ಲ, ಹಾಗೆ ಹೀಗೆ. ದೊಡ್ಡಮ್ಮ ಮೊರ ಪಕ್ಕಕ್ಕಿಟ್ಟು ಒಂದೇ ಮಾತು ಹೇಳಿದ್ರು: "ಅವಳಿಗೆ ನೀರಾದ್ರೂ ಇಳೀತು. ಗೋಡೆ ಇಳೀತದಾ?"

ಅಷ್ಟೇ. ಮತ್ತೆ ಮೊರ ತಗೊಂಡು ಅಕ್ಕಿ ಆರಿಸೋಕೆ ಕೂತ್ರು.

ಸ್ನೇಹಿತರೇ, ‘ದ್ವೀಪ’ದ ಬಗ್ಗೆ ನಾನು ಓದಿರೋ ಲೇಖನಗಳು ಬಹಳ. ಕಾಸರವಳ್ಳಿಯವರ ಶೈಲಿ, ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣ, ಮಳೆಯೇ ಒಂದು ಪಾತ್ರ, ಎಲ್ಲಾ ಸರಿ. ಆದರೆ ನೀರು ತುಂಬೋದಕ್ಕೂ ಗೋಡೆ ಏಳೋದಕ್ಕೂ ಇರೋ ವ್ಯತ್ಯಾಸ ಯಾವ ಲೇಖನದಲ್ಲೂ ನನಗೆ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ದೊಡ್ಡಮ್ಮನಿಂದ. ಅವರು ಸಿನಿಮಾಕ್ಕೆ ಸ್ಟಾರ್ ಕೊಡಲಿಲ್ಲ. ತಮ್ಮ ಬದುಕನ್ನ ಅದರ ಪಕ್ಕದಲ್ಲಿ ಇಟ್ಟು ಅಳೆದ್ರು. ಅಭಿಪ್ರಾಯ ಅಂದ್ರೆ ಇದು ಅಂತ ನನಗೆ ಅನಿಸಿದ್ದು ಆವತ್ತು.

ಇನ್ನೊಂದು ವಿಷಯ. ದೊಡ್ಡಮ್ಮನ ವಯಸ್ಸಿನ ಹೆಂಗಸರು ಟಾಕೀಸಿಗೆ ಹೋಗಿದ್ದು ಎಷ್ಟು ಸಲ? ಸೆಕೆಂಡ್ ಶೋಗೆ ಹೋದ್ರೆ ಊರಿಗೆ ವಾಪಸ್ ಬಸ್ಸಿಲ್ಲ. ಫಸ್ಟ್ ಶೋ ಹೊತ್ತಿಗೆ ಒಲೆ ಹಚ್ಚಬೇಕು. ಅವರಿಗೆ ಸಿಕ್ಕಿದ್ದು ಭಾನುವಾರ ಸಂಜೆ ನಾಲ್ಕಕ್ಕೆ ದೂರದರ್ಶನದ ಸಿನಿಮಾ. ಹಾಗಾಗಿ ನಾವು ಕ್ಲಾಸಿಕ್ ಅಂತ ಕರೆಯೋ ಪಟ್ಟಿ ಇದೆಯಲ್ಲ, ಅದನ್ನ ಬಹುಪಾಲು ಮಾಡಿದ್ದು ಸೆಕೆಂಡ್ ಶೋಗೆ ಹೋಗೋಕೆ ಆಗ್ತಿದ್ದ ಗಂಡಸರು. ಇವತ್ತು ಫೋನಲ್ಲಿ ಸಿನಿಮಾ ಬಂದಿದೆ. ಹೆಂಗಸರು ಕೆಲಸದ ನಡುವೆ ನೋಡ್ತಾರೆ, ತಮ್ಮ ತಮ್ಮಲ್ಲೇ ಮಾತಾಡ್ಕೊಳ್ತಾರೆ. ಆ ಮಾತು ಮಾತ್ರ ಇನ್ನೂ ಹೊರಗೆ ಬಂದಿಲ್ಲ.

ಸ್ಟಿಕರ್ ಗೊತ್ತು, ಸಿನಿಮಾ ಗೊತ್ತಿಲ್ಲ

ಈಗ ಶಂಕರ್‌ನಾಗ್. ನಮ್ಮ ಜಿಲ್ಲೆಯ ಹೊನ್ನಾವರದಲ್ಲಿ 1954ರ ನವೆಂಬರ್ 9ರಂದು ಹುಟ್ಟಿದವರು. ಅಣ್ಣ ಅನಂತ್‌ನಾಗ್ ಬಾಲ್ಯದಲ್ಲಿ ಓದಿದ ಜಾಗಗಳಲ್ಲಿ ನಮ್ಮ ಶಿರಾಲಿಯ ಚಿತ್ರಾಪುರ ಮಠವೂ ಒಂದು. ಶಂಕರ್‌ನಾಗ್ ಚಿತ್ರ ಇಲ್ಲದ ಆಟೋ ಸ್ಟ್ಯಾಂಡ್ ಕರ್ನಾಟಕದಲ್ಲಿ ಹುಡುಕಬೇಕು, 1980ರ ‘ಆಟೋ ರಾಜ’ದ ಮಹಿಮೆ. ಆದರೆ ನಮ್ಮ ಕಾಲೇಜು ಹುಡುಗನ್ನ ಕೇಳಿದೆ, ಶಂಕರ್‌ನಾಗ್ ಸಿನಿಮಾ ಯಾವುದು ಪೂರ್ತಿ ನೋಡಿದ್ದೀಯ? ರೀಲ್ಸ್ ನೋಡಿದ್ದೀನಿ ಅಂದ.

ನೀವು ಬರೀ ಎರಡು ಸಿನಿಮಾ ನೋಡಿ ಸಾಕು. ಒಂದು, ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’, 1978. ಕುದುರೆ, ಕತ್ತಿ, ಕೂಲಿ ಸೈನಿಕರ ಕಥೆ. ಇದೇ ಪಾತ್ರಕ್ಕೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶಂಕರ್‌ನಾಗ್‌ಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಎರಡನೇದು ‘ಆಕ್ಸಿಡೆಂಟ್’, 1985, ಅವರದ್ದೇ ನಿರ್ದೇಶನ. ದೊಡ್ಡವರ ಮಗ ಕುಡಿದು ಕಾರು ಓಡಿಸಿ ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಹರಿಸ್ತಾನೆ. ಆಮೇಲೆ ಅದನ್ನ ಮುಚ್ಚಿಹಾಕೋ ಆಟ. ಹುಡುಗ ಅದನ್ನ ಒಂದೇ ರಾತ್ರಿ ನೋಡಿ ಬೆಳಿಗ್ಗೆ ಬಸ್ಸಲ್ಲಿ ಕೇಳಿದ, "ಅಕ್ಕ, ಇದು ನಿಜವಾಗ್ಲೂ 1985ರದ್ದಾ? ಹೋದ ತಿಂಗಳ ನ್ಯೂಸ್ ನೋಡಿದ ಹಾಗಿದೆ." ಸ್ಪೀಡ್ ಎಷ್ಟಕ್ಕೆ ಇಟ್ಟಿದ್ದೆ ಅಂತ ಮಾಸ್ತರರು ಕೇಳಿದ್ರು. ಅವನು ನಕ್ಕ, ಉತ್ತರ ಹೇಳಲಿಲ್ಲ.

ಶಂಕರ್‌ನಾಗ್ ಹೋಗಿದ್ದು 1990ರ ಸೆಪ್ಟೆಂಬರ್ 30, ದಾವಣಗೆರೆ ಹತ್ತಿರ ರಸ್ತೆ ಅಪಘಾತ. ಆಗ ಅವರಿಗೆ 35 ವರ್ಷ. ಕಾಂತಾರ ರಿಲೀಸ್ ಆಗಿದ್ದೂ ಸೆಪ್ಟೆಂಬರ್ 30ಕ್ಕೆ, 32 ವರ್ಷ ಆದಮೇಲೆ. ಕಾಕತಾಳೀಯ ಅಷ್ಟೇ. ಆದರೂ ನನಗೆ ಅನಿಸ್ತದೆ, ಕರಾವಳಿಯ ಒಬ್ಬ ಹುಡುಗ ನಟನೆ, ನಿರ್ದೇಶನ ಎರಡನ್ನೂ ಹೆಗಲಿಗೆ ಹಾಕ್ಕೊಂಡು ತಾನು ಅಂದುಕೊಂಡ ಸಿನಿಮಾ ಮಾಡಬಹುದು ಅನ್ನೋ ಧೈರ್ಯ ಇವತ್ತು ಹುಟ್ಟಿದ್ದಲ್ಲ. ಅದಕ್ಕೊಂದು ಹಳೇ ಬೇರು ಇದೆ.

ನೋಡೋಕೆ ಸಿಗದ ಸಿನಿಮಾಗಳು

ಇಲ್ಲಿ ನಾನು ಮುಖ್ಯ ಮಾತಿಗೆ ಬರ್ತೀನಿ. ಹಳೇದು, ಹೊಸದು ಅನ್ನೋದಕ್ಕಿಂತ ದೊಡ್ಡ ಗೆರೆ ಇನ್ನೊಂದಿದೆ. ನೋಡೋಕೆ ಸಿಗೋ ಸಿನಿಮಾ, ಸಿಗದ ಸಿನಿಮಾ.

ನಮ್ಮದೇ ಉದಾಹರಣೆ ತಗೊಳ್ಳಿ. ಕುಮಟಾ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರ ‘ಮೂರು ದಾರಿಗಳು’ ಕಾದಂಬರಿಯನ್ನ ಕಾಸರವಳ್ಳಿ 1981ರಲ್ಲಿ ಸಿನಿಮಾ ಮಾಡಿದ್ರು. ನಮ್ಮ ಪಕ್ಕದೂರಿನ ಲೇಖಕ, ನಮ್ಮ ನೆಲದ ಕಥೆ. ಕಣ್ಣಿಗೆ ಹಿತ ಅನಿಸೋ ಪ್ರಿಂಟ್‌ಗಾಗಿ ನಾನು ಇನ್ನೂ ಹುಡುಕ್ತಾನೇ ಇದ್ದೀನಿ.

ಹಳೇದು ಬಿಡಿ, ಹೊಸದನ್ನೇ ನೋಡಿ. ನಟೇಶ್ ಹೆಗಡೆ ನಮ್ಮ ಉತ್ತರ ಕನ್ನಡದ ಘಟ್ಟದ ಮೇಲಿನ ಹುಡುಗ. 2021ರಲ್ಲಿ ಅವರ ‘ಪೆಡ್ರೋ’ ಬುಸಾನ್ ಚಿತ್ರೋತ್ಸವಕ್ಕೆ ಹೋಯ್ತು. ನಿರ್ಮಾಪಕರು ರಿಷಬ್ ಶೆಟ್ಟಿ. ಪೆಡ್ರೋ ಪಾತ್ರ ಮಾಡಿದ್ದು ನಿರ್ದೇಶಕರ ಸ್ವಂತ ಅಪ್ಪ, ಗೋಪಾಲ ಹೆಗಡೆ. ಊರಿನ ಅಂಚಿನಲ್ಲಿ ಬದುಕೋ ಒಬ್ಬ ಮನುಷ್ಯ ಅಚಾನಕ್ಕಾಗಿ ಒಂದು ಹಸು ಕೊಂದುಬಿಡ್ತಾನೆ, ಊರು ಅವನ ಮೇಲೆ ತಿರುಗಿ ಬೀಳ್ತದೆ. ಆಮೇಲೆ ಅವರ ‘ವಾಘಾಚಿಪಾಣಿ’ 2025ರಲ್ಲಿ ಬರ್ಲಿನ್ ಚಿತ್ರೋತ್ಸವದ ಫೋರಂ ವಿಭಾಗಕ್ಕೆ ಹೋಯ್ತು. ಬುಸಾನ್ ನೋಡಿತು, ಬರ್ಲಿನ್ ನೋಡಿತು. ಅಂಕೋಲೆಯಲ್ಲಿ ಕೂತ ನಾನು ‘ಪೆಡ್ರೋ’ವನ್ನ ಊರಿನ ಟಾಕೀಸಿನಲ್ಲಿ ನೋಡೋ ಭಾಗ್ಯ ಬರಲಿಲ್ಲ. ನಮ್ಮ ಕಾಡು, ನಮ್ಮ ಮಳೆ, ನಮ್ಮ ಮಾತು ಇರೋ ಸಿನಿಮಾ ಜಗತ್ತು ಸುತ್ತಿ ಬಂದರೂ ಘಟ್ಟ ಇಳಿದು ನಮ್ಮಲ್ಲಿಗೆ ಬರಲಿಲ್ಲ.

ಹಾಗಂತ ಎಲ್ಲಾ ಕತ್ತಲೆ ಅಲ್ಲ. ಕಾಸರವಳ್ಳಿಯವರ ಮೊದಲ ಸಿನಿಮಾ, 1977ರ ‘ಘಟಶ್ರಾದ್ಧ’. ಅದನ್ನ ಸರಿಪಡಿಸಿ, ಹೊಸದರ ಹಾಗೆ ಮಾಡಿ, 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದ್ರು. ಆ ಕೆಲಸದ ಹಿಂದೆ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಅವರ ಸಂಸ್ಥೆ ಎರಡೂ ಇದ್ದವು. ಸುಮಾರು ಅರ್ಧ ಶತಮಾನದ ಹಿಂದಿನ ಕನ್ನಡ ಸಿನಿಮಾಕ್ಕೆ ಅಷ್ಟು ದೂರದವರು ಕೈ ಹಾಕಿದ್ದು ಯಾಕೆ? ಇಷ್ಟು ವರ್ಷ ಅದನ್ನ ನೋಡಿದವರು ಅದರ ಬಗ್ಗೆ ಮಾತಾಡೋದು ನಿಲ್ಲಿಸಿರಲಿಲ್ಲ. ಮಾತು ನಿಂತ ಸಿನಿಮಾದ ರೀಲನ್ನ ಯಾರೂ ಹುಡುಕೋಕೆ ಹೋಗೋದಿಲ್ಲ.

ನಮ್ಮ ಕಡೆಯವರಿಗೆ ಒಂದು ಅನುಕೂಲವೂ ಇದೆ. 2004ರಿಂದ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ, ಅದೇ ಇಫ್ಫಿ, ನಡೀತಾ ಇರೋದು ಗೋವಾದಲ್ಲಿ. ಕಾರವಾರದಿಂದ ಪಣಜಿ ಸುಮಾರು 100 ಕಿಲೋಮೀಟರ್. ಶಿರವಾಡದಲ್ಲಿ ರೈಲು ಹತ್ತಿ, ಮಡಗಾಂವಲ್ಲಿ ಇಳಿದು, ಬಸ್ ಹಿಡಿದ್ರೆ ಆಯ್ತು. 2022ರಲ್ಲಿ ಅಲ್ಲಿ ಇಂಡಿಯನ್ ಪನೋರಮಾ ಶುರುವಾಗಿದ್ದೇ ಪೃಥ್ವಿ ಕೊಣನೂರು ಅವರ ಕನ್ನಡ ಸಿನಿಮಾ ‘ಹದಿನೇಳೆಂಟು’ವಿನಿಂದ. ನವೆಂಬರ್ ಬಂದಾಗ ಇದು ನಮ್ಮ ಹಿತ್ತಲಲ್ಲೇ ನಡೆಯೋ ಜಾತ್ರೆ. ನಾವು ಗೋವಾಕ್ಕೆ ಬೇರೆ ಕೆಲಸಗಳಿಗೆಲ್ಲ ಹೋಗ್ತೀವಿ, ಇದಕ್ಕೂ ಹೋಗಬಹುದು.

ಬಾಯಿಮಾತಿನ ಲೆಕ್ಕ

ನಮ್ಮ ಮಾತಿಗೆ ಅಷ್ಟು ಶಕ್ತಿ ಇದೆಯಾ ಅಂತ ನೀವು ಕೇಳಬಹುದು. ಎರಡು ಉದಾಹರಣೆ ಕೊಡ್ತೀನಿ.

2006ರ ಡಿಸೆಂಬರ್ ಕೊನೆಗೆ ‘ಮುಂಗಾರು ಮಳೆ’ ಬಂತು. ಗಣೇಶ್ ಆಗ ಸ್ಟಾರ್ ಅಲ್ಲ. ಯೋಗರಾಜ್ ಭಟ್ಟರ ಹೆಸರೂ ಈಗಿನಷ್ಟು ದೊಡ್ಡದಲ್ಲ. ಅದಕ್ಕೆ ಹಾಡು ಬರೆದವರಲ್ಲಿ ನಮ್ಮ ಗೋಕರ್ಣದ ಜಯಂತ ಕಾಯ್ಕಿಣಿ ಒಬ್ಬರು. ಒಬ್ಬರು ನೋಡಿ ಇನ್ನೊಬ್ಬರಿಗೆ ಹೇಳಿದ್ರು, ಅವರು ಮತ್ತೊಬ್ಬರಿಗೆ. ಬೆಂಗಳೂರಿನ ಪಿವಿಆರ್ ಮಲ್ಟಿಪ್ಲೆಕ್ಸಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಓಡಿತು. ಆಗ ರೀಲ್ಸ್ ಇರಲಿಲ್ಲ, ವಾಟ್ಸಾಪ್ ಇರಲಿಲ್ಲ. ಬಾಯಿಂದ ಬಾಯಿಗೆ, ಎಸ್ಸೆಮ್ಮೆಸ್ಸಿಂದ ಎಸ್ಸೆಮ್ಮೆಸ್ಸಿಗೆ.

ಎರಡನೇದು 2025ರ ಜುಲೈ 25. ‘ಸು ಫ್ರಮ್ ಸೋ’. ಜೆ.ಪಿ. ತುಮಿನಾಡು ಬರೆದು, ನಿರ್ದೇಶಿಸಿ, ನಟಿಸಿದ್ದು. ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲಿ ಒಬ್ಬರು. ಊರಿನಲ್ಲೊಬ್ಬನಿಗೆ ದೆವ್ವ ಹಿಡಿದಿದೆ ಅನ್ನೋ ಗುಲ್ಲು, ಅದರ ಸುತ್ತ ನಗು, ನಗುವಿನ ಕೆಳಗೆ ಒಬ್ಬ ಹೆಣ್ಣುಮಗಳ ನೋವು. ಆ ಸಮಯ ನೆನಪು ಮಾಡ್ಕೊಳ್ಳಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಬೋಟಿಗೆ ಹೋಗೋರು ದಡದಲ್ಲಿದ್ರು. ಹೊರಗೆ ಮಳೆ, ಕೈಯಲ್ಲಿ ಸಮಯ. ನಮ್ಮ ಕೇರಿಯಲ್ಲಿ ಮೊದಲು ನೋಡಿ ಬಂದೋನು ಬೋಟಿನಲ್ಲಿ ಕೆಲಸ ಮಾಡೋ ಒಬ್ಬ ಅಣ್ಣ. ಅವನು ಹೇಳಿದ ಮೇಲೆ ಇಡೀ ಕೇರಿ ಹೋಯ್ತು. ಕೊನೆಗೆ ನೂರು ಕೋಟಿ ದಾಟಿತು ಅಂತ ವರದಿಗಳು ಬಂದವು. ಕೋಟಿ ಲೆಕ್ಕ ನಂಗೆ ಬೇಡ. ದೊಡ್ಡ ಹೀರೋ ಇಲ್ಲದ ಸಿನಿಮಾವನ್ನ ಜನ ತಮ್ಮ ಮಾತಿನಿಂದಲೇ ಎತ್ತಿ ಹಿಡಿದ್ರು, ನನಗೆ ಬೇಕಾಗಿರೋದು ಅದು.

ಇಂಥ ಶಕ್ತಿಯನ್ನ ನಾವು ಏನು ಮಾಡ್ತಿದ್ದೀವಿ? ಒಬ್ಬ ನಟನ ಅಭಿಮಾನಿಗಳು ಇನ್ನೊಬ್ಬ ನಟನ ಅಭಿಮಾನಿಗಳಿಗೆ ಬೈಯೋದಕ್ಕೆ ಬಳಸ್ತಿದ್ದೀವಿ. ಯಾರದ್ದು ಎಷ್ಟು ಕೋಟಿ ಅಂತ ಸ್ಕ್ರೀನ್‌ಶಾಟ್ ಹಾಕೋಕೆ ಬಳಸ್ತಿದ್ದೀವಿ. ದೊಡ್ಡ ಸಿನಿಮಾಕ್ಕೆ ನಮ್ಮ ಮಾತು ಬೇಕಾಗಿಲ್ಲ, ಅದಕ್ಕೆ ಹೋರ್ಡಿಂಗ್ ಇದೆ. ಸಣ್ಣ ಸಿನಿಮಾಕ್ಕೆ ನಮ್ಮ ಮಾತಷ್ಟೇ ಇರೋದು. ಅದೂ ಶುಕ್ರವಾರದಿಂದ ಭಾನುವಾರದವರೆಗೆ ಮೂರೇ ದಿನ. ಸೋಮವಾರ ಜನ ಇಲ್ಲ ಅಂದ್ರೆ ಶೋ ತೆಗೆದುಬಿಡ್ತಾರೆ. ಆ ಮೂರು ದಿನದಲ್ಲಿ ನಾವು "ಟೆಲಿಗ್ರಾಂ ಲಿಂಕ್ ಇದೆಯಾ" ಅಂತ ಕೇಳ್ತಾ ಕೂತ್ರೆ, ಮುಂದಿನ ಸಲ ನಮ್ಮೂರಿನ ಕಥೆ ಯಾಕೆ ಬರಲಿಲ್ಲ ಅಂತ ಕೇಳೋ ಹಕ್ಕು ಸ್ವಲ್ಪ ಕಮ್ಮಿ ಆಗ್ತದೆ. 2024ರಲ್ಲಿ ರಕ್ಷಿತ್ ಶೆಟ್ಟಿ ತಂಡದ ‘ಏಕಂ’ ಸರಣಿಗೆ ಯಾವ ಒಟಿಟಿಯೂ ಸಿಗದೆ, ಅವರೇ ಸ್ವಂತ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಬೇಕಾಯ್ತು. ಹೆಸರು ಇರೋರಿಗೇ ಈ ಪಾಡು. ಹೆಸರು ಇಲ್ಲದೋರ ಗತಿ ಯೋಚಿಸಿ.

ನಮ್ಮ ಬಸ್ಸಿನ ಮೂರು ನಿಯಮ

ನಮ್ಮ ಗುಂಪು ಈಗ ಮೂರು ನಿಯಮ ಮಾಡ್ಕೊಂಡಿದೆ. ಇಷ್ಟ ಆದ್ರೆ ನೀವೂ ತಗೊಳ್ಳಿ.

ಮೊದಲನೇದು, ಎಲ್ಲಿ ನೋಡಿದೆ ಅಂತ ಹೇಳಬೇಕು. ಟಾಕೀಸಲ್ಲೋ, ಫೋನಲ್ಲೋ, ಒಬ್ಬಳೇನೋ, ಅಮ್ಮನ ಜೊತೆಗೋ. ಐದಿಂಚಿನ ಸ್ಕ್ರೀನಲ್ಲಿ, ನಡುನಡುವೆ ನೋಟಿಫಿಕೇಶನ್ ನೋಡ್ತಾ ನೋಡಿದ ಸಿನಿಮಾವನ್ನ "ಮೇಕಿಂಗ್ ಚೆನ್ನಾಗಿಲ್ಲ" ಅಂದ್ರೆ ನಾವು ಒಪ್ಪೋದಿಲ್ಲ.

ಎರಡನೇದು, ಸೂಪರ್, ವೇಸ್ಟ್ ಎರಡೂ ಪದ ಬ್ಯಾನ್. ಒಂದು ದೃಶ್ಯ ಹೇಳಬೇಕು. ಯಾವ ದೃಶ್ಯ ಮನೆಗೆ ಬಂದ ಮೇಲೂ ಬಿಡಲಿಲ್ಲ? ಅದೊಂದು ಹೇಳಿದ್ರೆ ಕೇಳಿದವರಿಗೆ ಆ ಸಿನಿಮಾ ತಮಗೆ ಬೇಕಾ ಬೇಡ್ವಾ ಅಂತ ತಾನಾಗೇ ಗೊತ್ತಾಗ್ತದೆ. ಕಂಡಕ್ಟರಣ್ಣ ಇದರಲ್ಲಿ ಎಲ್ಲರಿಗಿಂತ ಹುಷಾರು. ಟಿಕೆಟ್ ಹರಿಯೋ ಹೊತ್ತಿನಲ್ಲಿ ಒಂದು ಇಡೀ ಸೀನ್ ಹೇಳಿ ಮುಗಿಸ್ತಾನೆ.

ಮೂರನೇದು, ಇದು ಹುಡುಗನದ್ದೇ ಸಲಹೆ. ಒಂದು ಹೊಸದು ನೋಡಿದ್ರೆ ಒಂದು ಹಳೇದು ನೋಡಬೇಕು, ಮಾಸ್ತರರಿಗೆ ಉಲ್ಟಾ. ಈಗ ಹಳೇ ಸಿನಿಮಾಗಳೂ ಟಾಕೀಸಿಗೆ ವಾಪಸ್ ಬರ್ತಾ ಇವೆ. ‘ನಾಗರಹಾವು’ 2018ರಲ್ಲಿ ಮತ್ತೆ ಬಂತು. ಪುನೀತ್ ಅವರ 50ನೇ ಹುಟ್ಟುಹಬ್ಬಕ್ಕೆ 2025ರ ಮಾರ್ಚಿನಲ್ಲಿ ‘ಅಪ್ಪು’ ಬಂತು. ಅಪ್ಪು ಮೊದಲ ಸಲ ರಿಲೀಸ್ ಆದಾಗ ಹುಟ್ಟೇ ಇರದ ಹುಡುಗರು ಸಿಳ್ಳೆ ಹೊಡೆದ್ರು. ಸಿನಿಮಾಕ್ಕೆ ವಯಸ್ಸಾಗೋದು ರಿಲೀಸ್ ಡೇಟಿನಿಂದ ಅಲ್ಲ. ಅದರ ಬಗ್ಗೆ ಯಾರೂ ಮಾತಾಡದೇ ಇದ್ದಾಗ ವಯಸ್ಸಾಗ್ತದೆ.

ಕೊನೆಗೆ ಒಂದು ಸಣ್ಣ ಕೆಲಸ ಕೊಡ್ತೀನಿ. ಈ ವಾರ ನಿಮ್ಮ ಮನೆಯಲ್ಲಿರೋ ಹಿರಿಯ ಹೆಂಗಸರನ್ನ, ಅಮ್ಮ, ಅಜ್ಜಿ, ಅತ್ತೆ, ಚಿಕ್ಕಮ್ಮ, ಯಾರಾದ್ರೂ ಸರಿ, ಒಂದು ಪ್ರಶ್ನೆ ಕೇಳಿ. ನೀವು ನೋಡಿದ ಯಾವ ಸಿನಿಮಾ ನಮ್ಮ ಮನೆ ಕಥೆ ಅಂತ ಅನಿಸ್ತು? ಉತ್ತರಕ್ಕೆ ಅವಸರ ಮಾಡಬೇಡಿ, ಮೊದಲು "ನಂಗೆಂತ ಗೊತ್ತು" ಅಂತಾರೆ. ಕಾಯಿರಿ. ಅವರು ಹೇಳಿದ ಸಿನಿಮಾ ಹುಡುಕಿ, ಜೊತೆಗೆ ಕೂತು ನೋಡಿ. ಅವರ ಮಾತನ್ನ, ಅವರು ಒಪ್ಪಿದ್ರೆ ಮಾತ್ರ, ವಾಯ್ಸ್ ನೋಟ್ ಮಾಡಿ ನಮಗೆ ಕಳಿಸಿ. ಹೆಸರು ಬೇಡ, ಊರು ಸಾಕು. ಮುಂದಿನ ಒಂದು ಸಂಚಿಕೆಯಲ್ಲಿ ನಾನು ಸುಮ್ಮನಿರ್ತೀನಿ, ಅವರೇ ಮಾತಾಡಲಿ.

ಅಲ್ಲಿವರೆಗೆ ಸಿನಿಮಾ ನೋಡ್ತಾ ಇರಿ. ಆದಷ್ಟು ಟಾಕೀಸಿನಲ್ಲಿ, ಆದಷ್ಟು ಶುಕ್ರವಾರವೇ. ನಮಸ್ಕಾರ.